ಟಿವಿ ತುಂಬಬೇಕು

ಶಿಕಾರಿಪುರದ ಬಸ್ ನಿಲ್ದಾಣದಿಂದ ನಮ್ಮ ಓಣಿಗೆ ತಿರುಗುವಲ್ಲಿ ಲೈಟು ಕಂಬಕ್ಕೆ ಒಂದು ಫ್ಲೆಕ್ಸ್ ಕಟ್ಟಿದ್ದಾರೆ. ಜರಿ ರುಮಾಲು ಸುತ್ತಿ, ಹೆಗಲ ಮೇಲೆ ಶಲ್ಯ ಹಾಕಿಕೊಂಡ ತುಂಬು ಮುಖದ ಹಿರಿಯರೊಬ್ಬರು ಅದರಲ್ಲಿದ್ದಾರೆ. ಕೆಳಗೆ ಭಾವಪೂರ್ಣ ಶ್ರದ್ಧಾಂಜಲಿ, ಅದರ ಕೆಳಗೆ ಕುಟುಂಬದವರು, ಬಂಧುಗಳು, ಓಣಿಯ ಗೆಳೆಯರು. ಹೊಸಬರು ಯಾರಾದರೂ ನೋಡಿದರೆ ಎಂಥ ಗಂಭೀರ ಯಜಮಾನರಪ್ಪ ಎನ್ನಬೇಕು, ಹಾಗಿದೆ. ನಾನು ದಿನಾ ಬೆಳಿಗ್ಗೆ ನಮ್ಮ ಔಷಧಿ ಅಂಗಡಿಯ ಬೀಗ ತೆಗೆಯುವಾಗ ಅದಕ್ಕೆ ಬೆನ್ನು ಮಾಡಿಯೇ ನಿಲ್ಲುತ್ತೇನೆ.

ಹೋದವರ ಬಗ್ಗೆ ಬರೆಯಲು ಕೂತಾಗ ಒಂದೆರಡು ಒಳ್ಳೆಯ ಮಾತಿನಿಂದ ಶುರು ಮಾಡುವುದು ರೂಢಿ. ನಾನೂ ಹುಡುಕಿದೆ. ಸಿಕ್ಕಿದ್ದು ಇಷ್ಟು: ಅವರು ಯಾರ ಹತ್ತಿರವೂ ಒಂದು ರೂಪಾಯಿ ತೆಗೆದುಕೊಳ್ಳುತ್ತಿರಲಿಲ್ಲ. ತೆಗೆದುಕೊಂಡಿದ್ದರೇ ಚೆನ್ನಾಗಿತ್ತು, ದುಡ್ಡು ಕೊಟ್ಟವಳಿಗೆ ಎದುರು ಮಾತಾಡುವ ಹಕ್ಕಾದರೂ ಇರುತ್ತಿತ್ತು. ಪುಕ್ಕಟೆ ಉಪಕಾರ ಮಾಡಿ, ಅದನ್ನು ಜನ್ಮವಿಡೀ ತಲೆ ಮೇಲೆ ಹೊರಿಸಿ ಇಡುವ ಜಾತಿಯ ಮನುಷ್ಯ ಅವರು.

ಊರೆಲ್ಲ ಅವರನ್ನು ಸಾವ್ಕಾರ್ರು ಎಂದೇ ಕರೆಯುತ್ತಿತ್ತು. ಬಹಳ ವರ್ಷ ಬಟ್ಟೆ ಅಂಗಡಿ ನಡೆಸಿ, ಆಮೇಲೆ ಅದನ್ನು ತಮ್ಮನ ಮಕ್ಕಳಿಗೆ ಬಿಟ್ಟು ಮನೆಯಲ್ಲಿ ಕೂತಿದ್ದರು. ನಾನು, ನನ್ನ ಗಂಡ ಔಷಧಿ ಅಂಗಡಿ ಇಟ್ಟಿರುವ ಮಳಿಗೆ ಅವರದು. ಅವರ ಮನೆ ಮಳಿಗೆಯ ಬೆನ್ನಿಗೇ ಇದೆ, ನಡುವೆ ಒಂದೇ ಗೋಡೆ. ಹಾಗಾಗಿ ಬೆಳಿಗ್ಗೆ ಅವರ ಕೆಮ್ಮು, ಮಧ್ಯಾಹ್ನ ಅವರ ಬಿಪಿ ಮಾತ್ರೆ, ಸಂಜೆ ಅವರ ಟಿವಿ, ಎಲ್ಲಕ್ಕೂ ನಾವು ಪಾಲುದಾರರು. ನನ್ನ ತವರು ಸೊರಬದ ಕಡೆಯ ಜಡೆ. ನನ್ನ ಹೆಸರು ಅವರಿಗೆ ಗೊತ್ತಿತ್ತು, ಆದರೆ ಒಂದು ದಿನವೂ ಹೆಸರು ಹಿಡಿದು ಕರೆದವರಲ್ಲ. ‘ಜಡೆಯವ್ವ’ ಎನ್ನುವರು. ನಾನು ಮಾತಿನ ನಡುವೆ ‘ಎಂತಕ್ಕೆ’ ಎಂದರೆ ಸಾಕು, ಎದುರಿಗಿದ್ದವರ ಕಡೆ ತಿರುಗಿ, "ಎಂತದೋ ಕೇಳ್ತಾಳೆ ನೋಡ್ರಿ, ಸೊರಬದ ಭಾಷೆ, ಬಲ್ಲವರು ಯಾರಾದ್ರೂ ಹೇಳ್ರಿ" ಎಂದು ಹೊಟ್ಟೆ ಕುಲುಕಿಸುವರು.

ಟಿವಿಯ ವಿಚಾರಕ್ಕೆ ಬರುತ್ತೇನೆ. ಸಾವ್ಕಾರ್ರ ಅಳಿಯ ಹೊಸ ಕಂಪ್ಯೂಟರ್ ಕೊಂಡಾಗ, ಡಿವಿಡಿ ಹಾಕಲು ಬರುವ ತನ್ನ ಹಳೆಯದನ್ನು ತಂದು ಇವರ ಮನೆಯಲ್ಲಿ ಇಟ್ಟು ಹೋಗಿದ್ದ. ಇವರು ಶಿವಮೊಗ್ಗದಿಂದ ಗೋಡೆ ತುಂಬುವಂಥ ಒಂದು ಎಚ್‌ಡಿ ಟಿವಿ ತರಿಸಿ, ಎರಡರ ನಡುವೆ ಕೇಬಲ್ ಹಾಕಿಸಿದರು. ಅಷ್ಟು ಹೊತ್ತಿಗೆ ಊರಿನ ಡಿವಿಡಿ ಪ್ಲೇಯರುಗಳೆಲ್ಲ ಕೆಟ್ಟು ಅಟ್ಟ ಸೇರಿದ್ದವು. ನಮ್ಮ ಅಂಗಡಿಯಲ್ಲಿ ಬಿಲ್ಲು ಮಾಡುವ ಕಂಪ್ಯೂಟರಿಗೂ ಡಿಸ್ಕ್ ಹಾಕುವ ಬಾಯಿಲ್ಲ. ಆದರೆ ಒಂದು ಕಾಲದಲ್ಲಿ ಮದುವೆ, ತೊಟ್ಟಿಲು, ಗೃಹಪ್ರವೇಶ ಎಲ್ಲವನ್ನೂ ಸ್ಟುಡಿಯೋದವರು ಡಿವಿಡಿಯಲ್ಲೇ ಕೊಟ್ಟಿದ್ದರಲ್ಲ, ಅವು ಮನೆಮನೆಯ ಬೀರುವಿನಲ್ಲಿ ಸೀರೆಗಳ ನಡುವೆ ಹಾಗೇ ಇದ್ದವು. ಅವನ್ನು ನೋಡಬೇಕೆನ್ನಿಸಿದವರು ಭಾನುವಾರ ಮಧ್ಯಾಹ್ನ ಸಾವ್ಕಾರ್ರ ಪಡಸಾಲೆಗೆ ಬರಬೇಕು. ಆನವಟ್ಟಿಯಿಂದ, ಬಳ್ಳಿಗಾವಿಯಿಂದೆಲ್ಲ ಬೈಕಿನಲ್ಲಿ ಬರುತ್ತಿದ್ದರು.

ಅಲ್ಲಿ ಅವರದೊಂದು ದರ್ಬಾರು. ಕುರ್ಚಿಯ ಕೈ ಮೇಲೆ ಸೀರೆ ಡಬ್ಬದ ಮುಚ್ಚಳ, ಅದರ ಮೇಲೆ ಮೌಸು. ಮೌಸನ್ನು ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಬಲಗೈಯಲ್ಲಿ ಅಂಗಡಿಯಿಂದ ತಂದಿಟ್ಟುಕೊಂಡ ಬಟ್ಟೆ ಅಳೆಯುವ ಮೀಟರ್ ಕಡ್ಡಿ. ಮದುವೆಯ ವಿಡಿಯೋ ಓಡುತ್ತಿರುವಾಗ ಎಲ್ಲೆಂದರಲ್ಲಿ ನಿಲ್ಲಿಸಿ, ಎದ್ದು ಹೋಗಿ, ಕಡ್ಡಿಯಿಂದ ಟಿವಿಯ ಮೇಲೆ ಟಕ್ ಎಂದು ಬಡಿದು, ಇವಳು ಯಾರು, ಅವನು ಯಾರು ಎಂದು ವಿಚಾರಣೆ ಮಾಡುವರು. ಮದುಮಗಳ ಅಪ್ಪ ಯಾರ ಎದುರಿಗೆ ಎಷ್ಟು ಬಗ್ಗಿದ, ಬೀಗರು ಊಟಕ್ಕೆ ಯಾವ ಪಂಕ್ತಿಯಲ್ಲಿ ಕೂತರು, ಎಲ್ಲಕ್ಕೂ ಟಿಪ್ಪಣಿ. ಅದರಲ್ಲೂ ಸೀರೆ. ಹೆಂಗಸರ ಸಾಲು ಬಂತೆಂದರೆ ಅವರಿಗೆ ಜೀವ ಬರುತ್ತಿತ್ತು. "ಇದು ನಮ್ಮಂಗಡೀದು. ಇದೂ ನಮ್ಮದೇ. ಇದು ಅಲ್ಲ, ಇದು ಸಂತೀದು" ಎಂದು ಕಡ್ಡಿ ಮುಂದಕ್ಕೆ ಸರಿಯುತ್ತಿತ್ತು. ಸಂತೆಯ ಸೀರೆಯವಳು ಅದೇ ಪಡಸಾಲೆಯಲ್ಲಿ ಕೂತು ತಲೆ ತಗ್ಗಿಸಿರುವಳು.

ಎಚ್‌ಡಿ ಎನ್ನುವುದರ ಮೇಲೆ ಅವರಿಗೆ ಅಪಾರ ಭಕ್ತಿ. ಅದರಲ್ಲಿ ಬೆವರಿನ ಹನಿಯೂ ಕಾಣುತ್ತದೆ ಎಂದು ಹೇಳುತ್ತಿದ್ದರು. ಹಳೆಯ ಡಿವಿಡಿ ಅಷ್ಟು ದೊಡ್ಡ ಟಿವಿಗೆ ಬಂದರೆ ಮಸುಕಾಗುತ್ತದೆ, ಅದು ಎಲ್ಲರಿಗೂ ಕಾಣುತ್ತಿತ್ತು. ಬಳ್ಳಿಗಾವಿಯ ರೈತರೊಬ್ಬರು ಒಮ್ಮೆ ಬಾಯಿ ಬಿಟ್ಟು ಹೇಳಿಯೇಬಿಟ್ಟರು. "ಅದು ಟಿವಿ ತಪ್ಪಲ್ಲ, ನಿಮ್ಮ ಮದುವೇನೇ ಮಸುಕು" ಎಂಬ ಉತ್ತರ ಬಂತು. ಆ ರೈತರು ಮತ್ತೆ ಬರಲಿಲ್ಲ.

ಇದನ್ನೆಲ್ಲ ಸಹಿಸಬಹುದಿತ್ತು. ಸಹಿಸಲು ಆಗದೇ ಇದ್ದದ್ದು ಬೇರೆ. ಆ ಕಾಲದ ಮದುವೆ ವಿಡಿಯೋಗಳ ಚಿತ್ರ ಹೆಚ್ಚುಕಡಿಮೆ ಚೌಕ. ಈಗಿನ ಟಿವಿ ಅಡ್ಡಕ್ಕೆ ಉದ್ದ. ಚಿತ್ರವನ್ನು ಇದ್ದ ಹಾಗೆ ಹಾಕಿದರೆ ಎಡಕ್ಕೂ ಬಲಕ್ಕೂ ಕಪ್ಪು ಪಟ್ಟಿ ಉಳಿಯುತ್ತದೆ. ಆ ಕಪ್ಪು ಪಟ್ಟಿಯನ್ನು ಕಂಡರೆ ಸಾವ್ಕಾರ್ರಿಗೆ ಮೈಯೆಲ್ಲ ಉರಿ. "ಇಷ್ಟು ದೊಡ್ಡ ಟಿವಿ ತಗಂಡಿದ್ದು ಕರೀದು ನೋಡಾಕೇನ್ರಿ? ಟಿವಿ ತುಂಬಬೇಕು" ಎನ್ನುವರು. ಅದಕ್ಕೇ ಕಂಪ್ಯೂಟರಿನಲ್ಲಿ ಎಲ್ಲೋ ಏನೋ ಒತ್ತಿ, ಚಿತ್ರವನ್ನು ಅಡ್ಡಕ್ಕೆ ಎಳೆದು ಗೋಡೆಯಿಂದ ಗೋಡೆಗೆ ತುಂಬಿಸಿದ್ದರು. ಅಂಗಡಿಯಲ್ಲಿದ್ದಾಗ ಬಟ್ಟೆಯನ್ನು ಜಗ್ಗಿ ಅಳೆಯುತ್ತಿದ್ದರೆಂದು ಊರಲ್ಲಿ ಒಂದು ಮಾತಿತ್ತು. ಮನೆಯಲ್ಲಿ ಕೂತ ಮೇಲೆ ಮನುಷ್ಯರನ್ನು ಜಗ್ಗಿದರು. ಮದುಮಗಳ ಕೆನ್ನೆ ಉಬ್ಬಿ, ಮದುಮಗ ಕುಳ್ಳಗಾಗಿ, ತಾಳಿ ಕಟ್ಟುವ ಕೈ ಹಲಸಿನ ತೊಳೆಯಂತೆ ಕಾಣುತ್ತಿತ್ತು. ಜನ ನೋಡಿ ನೋಡಿ ಅದಕ್ಕೇ ಹೊಂದಿಕೊಂಡರು.

ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಶಿವಗಣಾರಾಧನೆಯ ಹೊತ್ತಿಗೆ ದೊಡ್ಡ ಫ್ಲೆಕ್ಸ್ ಕಟ್ಟುವುದು ಈಗ ಪದ್ಧತಿಯೇ ಆಗಿಬಿಟ್ಟಿದೆ. ವಯಸ್ಸಾದವರದು ಒಳ್ಳೆಯ ಫೋಟೋ ಇರುವುದಿಲ್ಲ. ಇದ್ದರೂ ಕಾಯಿಲೆ ಬಿದ್ದ ಮೇಲಿನದು. ಆಗ ಯಾರಾದರೂ, ಮಗನ ಮದುವೆ ಡಿವಿಡಿಯಲ್ಲಿ ಚೆನ್ನಾಗಿ ಬಂದಿದ್ದಾರಲ್ಲ, ಎಂದು ನೆನಪು ಮಾಡುತ್ತಾರೆ. ಅಲ್ಲಿಂದ ಎಲ್ಲರ ದಾರಿ ಸಾವ್ಕಾರ್ರ ಮನೆಗೆ. ಅವರು ವಿಡಿಯೋ ಓಡಿಸಿ, ಸತ್ತವರ ಮುಖ ಬಂದಲ್ಲಿ ನಿಲ್ಲಿಸುವರು. ಮನೆಯವರು ಟಿವಿಯ ಮುಂದೆ ನಿಂತು ಫೋನಿನಲ್ಲಿ ಫೋಟೋ ಹಿಡಿದುಕೊಂಡು, ಅದನ್ನೇ ಫ್ಲೆಕ್ಸಿನವನಿಗೆ ಕಳಿಸುವರು. ನಮ್ಮ ಓಣಿಯಲ್ಲಿ ಕೆಲವು ವರ್ಷ ಸತ್ತವರೆಲ್ಲ ಅಗಲ ಮುಖದವರಾಗಿದ್ದು ಹೀಗೆ.

ನಮ್ಮ ಅವ್ವನೂ ಅವರಲ್ಲಿ ಒಬ್ಬಳಾದಳು.

ಅವ್ವನದು ನೀಳ ಮುಖ, ಎದ್ದು ಕಾಣುವ ಕೆನ್ನೆಯ ಮೂಳೆ, ಚೂಪು ಗಲ್ಲ. ಆರೋಗ್ಯವಾಗಿದ್ದಾಗ ಫೋಟೋ ಅಂದರೆ ಒಳಗೆ ಓಡುವಳು. ಫೋನಿನಲ್ಲಿದ್ದವೆಲ್ಲ ಆಸ್ಪತ್ರೆಯ ಮಂಚದ ಮೇಲಿನವು, ಮೂಗಿಗೆ ನಳಿಗೆ. ಆಧಾರ್ ಕಾರ್ಡಿನ ಫೋಟೋವನ್ನು ಹೆತ್ತವರೂ ಗುರುತಿಸಲಾರರು. ಸರಿಯಾಗಿ ಸಿಕ್ಕಿಬಿದ್ದಿದ್ದು ನನ್ನ ತಮ್ಮನ ಮದುವೆಯ ಡಿವಿಡಿಯಲ್ಲಿ ಮಾತ್ರ. ತಮ್ಮನಿಗೆ ಅರಿಸಿನ ಹಚ್ಚಿ ಸುರಗಿ ನೀರು ಹಾಕುವಾಗ ಹೆಂಗಸರ ನಡುವೆ ನಿಂತು ಸೋಬಾನೆ ಹಾಡುತ್ತಾಳೆ. ನಡುವೆ ಒಂದು ಸಾಲು ಮರೆಯುತ್ತಾಳೆ. ಪಕ್ಕದವಳ ಮುಖ ನೋಡಿ, ಬಾಯಿಗೆ ಸೆರಗು ಹಿಡಿದು ನಗುತ್ತಾಳೆ, ಆಮೇಲೆ ಸೆರಗು ಇಳಿಸಿ ಮತ್ತೆ ಹಾಡು ಹಿಡಿಯುತ್ತಾಳೆ. ಅವ್ವ ನಡೆದಾಡಿದ್ದು, ದನಿ ತೆಗೆದಿದ್ದು ಇನ್ನೆಲ್ಲೂ ಇಲ್ಲ. ಮದುವೆ ಹಿಡಿದ ಸ್ಟುಡಿಯೋದವನು ಎಂದೋ ಅಂಗಡಿ ಮುಚ್ಚಿ ಹೋಗಿದ್ದ. ತಮ್ಮನ ಹೆಂಡತಿಯ ತವರಿನಲ್ಲಿದ್ದ ಇನ್ನೊಂದು ಪ್ರತಿ ಗೀರು ಬಿದ್ದು ಹಾಳಾಗಿತ್ತು.

ಅವ್ವ ಹೋದ ಎರಡನೆಯ ದಿನ ತಮ್ಮನೂ ನಾನೂ ಆ ಡಿವಿಡಿ ಹಿಡಿದುಕೊಂಡು ಸಾವ್ಕಾರ್ರ ಪಡಸಾಲೆಗೆ ಹೋದೆವು. ನಾಲ್ಕಾರು ಜನ ಬೇರೆಯವರೂ ಇದ್ದರು. ಸೆರಗು ಇಳಿಸಿದ ಗಳಿಗೆಗೆ ಸರಿಯಾಗಿ ಅವರು ನಿಲ್ಲಿಸಿದರು. ನನಗೆ ಅತ್ತು ಅತ್ತು ಕಣ್ಣು ಊದಿತ್ತು. ಟಿವಿಯ ತುಂಬ ಅವ್ವ ಕಂಡಳು, ಅಷ್ಟೇ ಗೊತ್ತು. ಸಾವ್ಕಾರ್ರು ಎದ್ದರು. ಕಡ್ಡಿಯಿಂದ ಅವ್ವನ ಹೆಗಲ ಮೇಲೆ ಟಕ್ ಎಂದು ಬಡಿದರು.

"ಇದು ನಮ್ಮಂಗಡಿ ಸೀರಿ ಅಲ್ಲ. ಆರ್ಟ್ ಸಿಲ್ಕು, ನಕಲಿ ರೇಷ್ಮಿ. ಮಗನ ಮದುವಿಗೂ ಆರ್ಟ್ ಸಿಲ್ಕೇ ಉಟ್ಟಾರೆ ನೋಡ್ರಿ."

ತಮ್ಮ ಫೋಟೋ ಹಿಡಿದುಕೊಂಡ. ಅವ್ವ ಆ ಸೀರೆಯನ್ನು ಆನವಟ್ಟಿ ಪೇಟೆಯಲ್ಲಿ ಆರಿಸಿ ತಂದ ದಿನ ನನಗೆ ನೆನಪಿದೆ. ಸೊಸೆಗೆ, ಬೀಗಿತ್ತಿಗೆ ರೇಷ್ಮೆ ತಂದು, ಉಳಿದದ್ದರಲ್ಲಿ ತನಗೆ ತಂದುಕೊಂಡಿದ್ದಳು. ಬಟ್ಟೆ ವ್ಯಾಪಾರ ಮಾಡಿ ಕೂದಲು ಹಣ್ಣಾದ ಮನುಷ್ಯನಿಗೆ ನೂಲು ಗೊತ್ತಾಗುತ್ತಿತ್ತು, ಉಟ್ಟವಳು ಗೊತ್ತಾಗುತ್ತಿರಲಿಲ್ಲ.

ಫ್ಲೆಕ್ಸ್ ಜಡೆಗೆ ಹೋಯಿತು. ಮನೆಯ ಮುಂದೆ ಕಟ್ಟಿದ ಬೆಳಿಗ್ಗೆ ನಮ್ಮ ಚಿಕ್ಕಮ್ಮ, ಅವ್ವನ ಸ್ವಂತ ತಂಗಿ, ಬಸ್ಸಿಳಿದು ಬಂದವಳು ಅದರ ಮುಂದೆ ನಿಂತಳು. ಅತ್ತಿತ್ತ ನೋಡಿದಳು.

"ಇದು ಯಾರದ್ದನೇ ತಂದು ಕಟ್ಟಿದ್ದು? ನಮ್ಮಕ್ಕಂದು ಎಲ್ಲಿ?"

ಆಗ ನಾನು ಮೊದಲ ಸಲ ಸರಿಯಾಗಿ ನೋಡಿದೆ. ಗುಂಡು ಮುಖ, ಉಬ್ಬಿದ ಕೆನ್ನೆ, ಗಲ್ಲವೇ ಇಲ್ಲ. ಅವ್ವನ ಓಲೆ ಹಾಕಿಕೊಂಡ ಇನ್ಯಾರೋ. ಅದೇ ಚಿತ್ರವನ್ನು ಚೌಕಟ್ಟು ಹಾಕಿಸಿ ಜಡೆಯ ಮನೆಯಲ್ಲೂ ನಮ್ಮ ಮನೆಯಲ್ಲೂ ಗೋಡೆಗೆ ಏರಿಸಿದ್ದೂ ಆಗಿತ್ತು. ಆಮೇಲೆ ಫ್ಲೆಕ್ಸಿನವನ ಹತ್ತಿರ ಕೂತು ಒತ್ತಿಸಿ ಸಣ್ಣ ಮಾಡಿಸಿ ನೋಡಿದೆ. ನನ್ನ ತಮ್ಮ ಫೋಟೋ ಹಿಡಿದಿದ್ದು ಟಿವಿಯ ಓರೆಯಿಂದ. ಒಂದು ಕೆನ್ನೆ ಸರಿ ಹೋದರೆ ಇನ್ನೊಂದು ಸೊಟ್ಟಗಾಗುತ್ತಿತ್ತು.

ಮುಂದಿನ ಭಾನುವಾರವೇ ಹೋದೆ. ಪಡಸಾಲೆ ತುಂಬಿತ್ತು.

"ಸಾವ್ಕಾರ್ರೇ, ಅವ್ವಂದು ಮುಖ ಅಗಲಾಗಿ ಬಂದದೆ. ಒಂದೇ ಒಂದು ಸಲ ಸರಿ ಮಾಡಿ ಹಾಕಿಕೊಡ್ರಿ. ಬೇಕಾದ್ರೆ ನಾನೇ ಮಾಡ್ತೀನಿ, ಅದು ಹೇಗೆ ಅಂತ ನನಗೆ ಗೊತ್ತು."

ಗೊತ್ತು ಎಂದದ್ದು ಅವರಿಗೆ ಹಿಡಿಸಲಿಲ್ಲ. ಮೌಸಿನ ಮೇಲೆ ಕೈಯಿಟ್ಟುಕೊಂಡರು.

"ಪಕ್ಕದಾಗೆ ಕರೀದು ಬರ್ತದೆ. ಅದೆಲ್ಲ ನಮ್ಮನ್ಯಾಗೆ ನಡಿಯಂಗಿಲ್ಲ. ಟಿವಿ ತುಂಬಬೇಕು."

"ಬಂದ್ರೆ ಬರಲಿ ಬಿಡ್ರಿ. ನಮ್ಮವ್ವನ ಮುಖ ಕಂಡ್ರೆ ಸಾಕು."

"ನಿಮ್ಮ ಮನ್ಯಾಗೆ ಇದ್ದಾಗ ಕಡ್ಡಿ ಆಗಿದ್ಲು. ನಮ್ಮನಿಗೆ ಬಂದು ಮೈ ತುಂಬ್ಕಂಡಾಳೆ. ಖುಷಿ ಪಡು ಜಡೆಯವ್ವ."

ಪಡಸಾಲೆ ನಕ್ಕಿತು. ಸತ್ತು ತಿಂಗಳಾಗದ ಹೆಂಗಸಿನ ಮಗಳ ಎದುರಿಗೆ ಅಷ್ಟು ಜನ ನಕ್ಕರು. ನಕ್ಕವರಲ್ಲಿ ಕೆಲವರಿಗೆ ನಾನು ದಿನಾ ಮಾತ್ರೆ ಕೊಡುತ್ತೇನೆ, ಈಗಲೂ ಕೊಡುತ್ತೇನೆ. ಹೋಗಲಿ, ಅವತ್ತು ಇಲ್ಲೇ ಬಿಟ್ಟು ಹೋದ ಡಿವಿಡಿಯನ್ನಾದರೂ ಕೊಡಿ ಎಂದೆ. ಬೇರೆ ಕಡೆ ಹಾಕಿದರೆ ಹಾಳಾಗುತ್ತದೆ, ಕಾಪಿ ಹೊಡೆದು ಕೊಡುತ್ತೇನೆ, ಇಲ್ಲೇ ಇರಲಿ ಎಂದರು.

ಅದು ಅಲ್ಲೇ ಇದ್ದುಬಿಟ್ಟಿತು. ಕೇಳಿದಾಗಲೆಲ್ಲ ಒಂದೊಂದು ಸಬೂಬು. ಖಾಲಿ ಡಿಸ್ಕ್ ಸಿಗುತ್ತಿಲ್ಲ, ಅಳಿಯ ಬರಬೇಕು, ಇವತ್ತು ಅಮಾವಾಸ್ಯೆ. ಕಂಪ್ಯೂಟರಿಗೆ ಹೊರಗಿನಿಂದ ಜೋಡಿಸುವ ಡ್ರೈವ್ ಆನ್‌ಲೈನಿನಲ್ಲಿ ಸಿಗುತ್ತದೆಂದು ಗೊತ್ತಾಗಿ ತರಿಸಿಯೂ ಇಟ್ಟೆ. ಹಾಕಲು ಡಿಸ್ಕ್ ಬೇಕಲ್ಲ. ಜಗಳ ಮಾಡಿಯೇ ತರುತ್ತೇನೆಂದು ಹೊರಟರೆ ನನ್ನ ಗಂಡ ಕೈ ಹಿಡಿದು ಕೂರಿಸಿದರು.

"ಮಳಿಗಿ ಕರಾರು ಮುಗಿಯಾಕೆ ಬಂದೈತೆ. ಈಗ ಎದುರು ಹಾಕ್ಕಂಡ್ರೆ ಅಂಗಡಿ ಎಲ್ಲಿ ಇಡೋಣ?"

ಅದೂ ನಿಜವೇ. ಸಾವ್ಕಾರ್ರಿಗೂ ಅದು ಗೊತ್ತಿತ್ತು. ಗೊತ್ತಿದ್ದೇ ಕೊಡಲಿಲ್ಲ ಎಂಬುದರಲ್ಲಿ ನನಗೆ ಇವತ್ತಿಗೂ ಅನುಮಾನವಿಲ್ಲ.

ಅದಕ್ಕಿಂತ ಕೆಟ್ಟದ್ದು ಇನ್ನೊಂದು. ಯಾರೋ ಹೊಸಬರು ಬಂದರೆ, ಈಗಿನ ಮದುವೆಗಳಲ್ಲಿ ಸೋಬಾನೆಯೇ ಇಲ್ಲ, ಹಿಂದಿನದು ಹೇಗಿತ್ತು ಕೇಳಿ ಎಂದು ಅವರು ನಮ್ಮ ಡಿವಿಡಿಯನ್ನೇ ಹಾಕುವರು. ಭಾನುವಾರ ಮಧ್ಯಾಹ್ನ ನಾನು ಅಂಗಡಿಯಲ್ಲಿ ಒಬ್ಬಳೇ ಕೂತಿರುತ್ತಿದ್ದೆ. ಗೋಡೆಯ ಆಚೆಯಿಂದ ಅವ್ವ ಹಾಡುವಳು. ಮಾತ್ರೆಯ ಪಟ್ಟಿ ಕತ್ತರಿಸುತ್ತಿದ್ದ ಕೈ ನಿಲ್ಲುತ್ತಿತ್ತು. ಆ ಸಾಲು ಮರೆಯುವ ಜಾಗ ಬರುತ್ತಿತ್ತು, ನಗು ಕೇಳುತ್ತಿತ್ತು, ಆಮೇಲೆ ಟಕ್ ಎಂದು ಕಡ್ಡಿಯ ಸದ್ದು. ಹಾಡು ಅಲ್ಲಿಗೇ ನಿಲ್ಲುತ್ತಿತ್ತು. ಈಗ ಸೀರೆಯ ಮಾತು ನಡೆಯುತ್ತಿದೆ ಎಂದು ನನಗೆ ಗೊತ್ತಾಗುತ್ತಿತ್ತು. ಎದುರಿಗೆ ನಿಂತ ಗಿರಾಕಿ, "ಏನ್ರಿ ಅಕ್ಕಾರೆ, ಚಿಲ್ಲರೆ ಕೊಡ್ರಿ" ಎನ್ನುವವರೆಗೂ ನಾನು ಹಾಗೇ ನಿಂತಿರುತ್ತಿದ್ದೆ. ಎರಡು ವರ್ಷ ಹೀಗೇ ಹೋಯಿತು.

ಆಮೇಲೆ ಅವರಿಗೆ ಲಕ್ವ ಹೊಡೆಯಿತು. ಬಾಯಿ ಒಂದು ಕಡೆ ಎಳೆದುಕೊಂಡಿತು, ಬಲಗೈ ಬಿದ್ದುಹೋಯಿತು. ಮೌಸು ಹಿಡಿಯಲು ಆಗುತ್ತಿರಲಿಲ್ಲ, ಆದರೂ ಬೇರೆಯವರನ್ನು ಮುಟ್ಟಗೊಡಲಿಲ್ಲ. ಭಾನುವಾರಗಳು ನಿಂತವು. ಅವರ ಮನೆಯವರು ಮಾತ್ರೆಗೆ ಬಂದಾಗ ನಾನು ಬೇಗ ಬೇಗ ಕಟ್ಟಿಕೊಟ್ಟು ಕಳಿಸುತ್ತಿದ್ದೆ. ಹೇಗಿದ್ದಾರೆ ಎಂದು ಕೇಳಲು ನಾಲಗೆ ಏಳಲಿಲ್ಲ. ಕೇಳಬೇಕಿತ್ತು ಎಂದು ಈಗಲೂ ಅನ್ನಿಸುವುದಿಲ್ಲ.

ಅವರು ತೀರಿಕೊಂಡ ಮಾರನೆಯ ದಿನ ಮಧ್ಯಾಹ್ನ ಅವರ ಹೆಂಡತಿ ಅಂಗಡಿಯ ಬಾಗಿಲಿಗೆ ಬಂದರು.

"ನಿನಗೆ ಕಂಪ್ಯೂಟರ್ ಬರ್ತದಲ್ಲವ್ವಾ. ಸ್ವಲ್ಪ ಬಾ. ಫ್ಲೆಕ್ಸಿಗೆ ಇವರದು ಫೋಟೋ ಬೇಕು. ಬಾಯಿ ಸೊಟ್ಟಾದ ಮುಖ ಬ್ಯಾಡ. ಮಗಳ ಮದುವ್ಯಾಗೆ ರುಮಾಲು ಸುತ್ತಿದ್ರಲ್ಲ, ಅದು ಬೇಕು."

ಗಂಡನನ್ನು ಕಳೆದುಕೊಂಡ ಹೆಂಗಸು ಬಾಗಿಲಲ್ಲಿ ನಿಂತಾಗ ಇಲ್ಲ ಎನ್ನಲಾಗುವುದಿಲ್ಲ. ಹೋದೆ. ಡಬ್ಬದ ಮುಚ್ಚಳದ ಮೇಲಿನ ಮೌಸಿಗೆ ಮೊದಲ ಸಲ ಕೈ ಹಾಕಿದೆ. ಡಿವಿಡಿ ಓಡಿಸುವ ಮುಂಚೆ, ಬಲಗುಂಡಿ ಒತ್ತಿ, ಚಿತ್ರದ ಅಳತೆಯನ್ನು ಇದ್ದ ಹಾಗೆ ಎಂದು ಬದಲಾಯಿಸಿದೆ. ಅಷ್ಟೇ ಕೆಲಸ. ಎರಡು ವರ್ಷ ನಾನು ಬೇಡಿಕೊಂಡಿದ್ದು ಇದಕ್ಕೆ.

ಎರಡೂ ಪಕ್ಕ ಕಪ್ಪು ಬಂತು. ನಡುವೆ ಸಾವ್ಕಾರ್ರು ನಿಂತಿದ್ದರು. ಅಷ್ಟು ದೊಡ್ಡ ರುಮಾಲಿನ ಕೆಳಗೆ ಇಷ್ಟೇ ಇಷ್ಟು ಮುಖ. ಸಣ್ಣ ಭುಜ, ಬೀಗರ ನಡುವೆ ಸಿಕ್ಕಿಕೊಂಡು ಯಾರಿಗೋ ಹಲ್ಲು ಕಿರಿಯುತ್ತಿದ್ದರು. ನಾನು ನಿಲ್ಲಿಸಿದೆ. ಅವರ ಮನೆಯವರು ಟಿವಿಯ ಹತ್ತಿರ ಬಂದು ನೋಡಿದರು.

"ಇದು ಬ್ಯಾಡವ್ವ. ಮೊದ್ಲಿನಂಗೆ ಮಾಡು."

"ಅವರು ಇದ್ದಿದ್ದೇ ಹೀಗಲ್ವೇನ್ರಿ ಅಮ್ಮಾರೆ?"

"ನನಗೆ ಗೊತ್ತಿಲ್ಲೇನು? ಬಾಳೇವು ಮಾಡಿದಾಕಿ ನಾನು. ಆದ್ರೂ ಯಾಕೋ ಇದು ಯಾರದೋ ಮುಖ ಅನ್ನಿಸ್ತದೆ. ಇಷ್ಟು ವರ್ಷ ಅಗಲಾಗೇ ನೋಡೀನಲ್ಲ, ಅದೇ ಕಣ್ಣಿಗೆ ಕುಂತೈತೆ."

ನನಗೆ ಒಳಗೊಳಗೇ ನಗು ಬಂತು. ಮುಚ್ಚಿಟ್ಟು ಏನು, ಸಂತೋಷವೇ ಆಯಿತು. ಊರಿನವರ ಹೆಣಗಳನ್ನೆಲ್ಲ ಜಗ್ಗಿದ ಮನುಷ್ಯ ಕೊನೆಗೆ ಹೆಂಡತಿಯ ಕಣ್ಣಲ್ಲೂ ತನ್ನ ಮುಖ ಉಳಿಸಿಕೊಳ್ಳಲಿಲ್ಲ. ಬೇಕಾದಷ್ಟು ಅಗಲ ಮಾಡಿಕೊಟ್ಟೆ. ಅವರ ಮಗಳು ಫೋನಿನಲ್ಲಿ ಹಿಡಿದುಕೊಂಡು ಫ್ಲೆಕ್ಸಿನವನಿಗೆ ಕಳಿಸಿದಳು. ಈಗ ಕಂಬದ ಮೇಲಿರುವುದು ಅದೇ.

ಏಳುವ ಮುಂಚೆ ನನ್ನ ಡಿವಿಡಿ ಕೇಳಿದೆ. ಅವರ ಮನೆಯವರು ಒಳಗಿನಿಂದ ದೊಡ್ಡ ಸೀರೆ ಡಬ್ಬ ತಂದು ನನ್ನ ಮುಂದಿಟ್ಟರು. ಅದರ ತುಂಬ ಊರವರ ಮದುವೆಗಳು. ನಮ್ಮದು ಮೇಲೆಯೇ ಇತ್ತು, ತಮ್ಮನ ಲಗ್ನಪತ್ರಿಕೆಯ ಗಣಪತಿ ಮುಖಪುಟದಲ್ಲಿ. ಮನೆಗೆ ಒಯ್ಯುವಷ್ಟು ತಾಳ್ಮೆ ನನ್ನಲ್ಲಿ ಉಳಿದಿರಲಿಲ್ಲ.

"ಅಮ್ಮಾರೆ, ಒಂದ್ಸಲ ಇಲ್ಲೇ ಹಾಕಿ ನೋಡ್ಲಾ?"

"ನೋಡವ್ವ. ಈಗ ಬ್ಯಾಡ ಅನ್ನೋರು ಯಾರದಾರೆ."

ಅಳತೆಯನ್ನು ಮತ್ತೆ ಇದ್ದ ಹಾಗೆ ಮಾಡಿ, ಡಿಸ್ಕ್ ಹಾಕಿದೆ. ಸುರಗಿಯ ಜಾಗಕ್ಕೆ ಓಡಿಸಿದೆ. ಹಾಡು ಶುರುವಾಯಿತು. ಆ ದನಿಯನ್ನು ಗೋಡೆಯ ಅಡ್ಡವಿಲ್ಲದೆ ಕೇಳಿದೆ. ಸಾಲು ಮರೆಯಿತು, ನಗು ಬಂತು. ಸೆರಗು ಇಳಿಯಿತು. ಟಕ್ ಎನ್ನುವವರು ಯಾರೂ ಇರಲಿಲ್ಲ. ನಾನೇ ನಿಲ್ಲಿಸಿದೆ.

ಕಪ್ಪು ಪಟ್ಟಿಗಳ ನಡುವೆ ಒಬ್ಬ ಬಡಕಲು ಹೆಂಗಸು ನಿಂತಿದ್ದಳು. ನೀಳ ಮುಖ, ಎದ್ದ ಮೂಳೆ, ಚೂಪು ಗಲ್ಲ.

ಹಿಂದೆ ನಿಂತಿದ್ದ ಅವರ ಮನೆಯವರು, ಇದೇ ಡಿವಿಡಿಯನ್ನು ಇದೇ ಟಿವಿಯಲ್ಲಿ ಎಷ್ಟು ಸಲ ನೋಡಿದ್ದರೋ, ಮುಂದಕ್ಕೆ ಬಗ್ಗಿ ಕೇಳಿದರು.

"ಇವ್ರು ಯಾರವ್ವ?"

ನಮ್ಮವ್ವ ಎಂದು ಹೇಳಲು ನನಗೆ ತಡವಾಯಿತು. ಎರಡು ವರ್ಷಕ್ಕಿಂತ ಹೆಚ್ಚು ಕಾಲ ನಮ್ಮ ಮನೆಯ ಗೋಡೆಯ ಮೇಲಿದ್ದ ಆ ಗುಂಡು ಮುಖಕ್ಕೆ ದಿನಾ ಬೆಳಿಗ್ಗೆ ಕೈ ಮುಗಿದಿದ್ದೆ. ನನ್ನ ಕಣ್ಣು ಟಿವಿಯಲ್ಲಿ ಅದನ್ನೇ ಹುಡುಕುತ್ತಿತ್ತು. ಆರ್ಟ್ ಸಿಲ್ಕಿನ ಮಾತನ್ನು ಮರೆತೇನು, ಪಡಸಾಲೆಯ ನಗುವನ್ನೂ ಮರೆತೇನು, ಇದೊಂದನ್ನು ನಾನು ಆ ಮನುಷ್ಯನಿಗೆ ಕ್ಷಮಿಸುವುದಿಲ್ಲ.